ಬೋಟಿನಲ್ಲಿ ಬಾಳೆಲೆ

ನಮ್ಮ ಪುತ್ತೂರು ಕಡೆಯವರನ್ನು ಚಂದ್ರಲೋಕಕ್ಕೆ ಕಳುಹಿಸಿದರೂ ಇಳಿದ ಕೂಡಲೇ ಕೇಳುವ ಮೊದಲ ಮಾತು, "ಊಟಕ್ಕೆ ಎಲೆ ಎಲ್ಲಿ ಹಾಕುದು?" ಬೇರೆಯವರನ್ನು ತಮಾಷೆ ಮಾಡಲಿಕ್ಕೆ ಹೇಳುತ್ತಿಲ್ಲ ಮಾರಾಯ್ರೆ, ನಾನೂ ಅದೇ ಹಿಂಡಿನವನು.

ಅಮ್ಮನ ತವರು ಸುಳ್ಯದಲ್ಲಿ, ಪಯಸ್ವಿನಿ ಹೊಳೆಯ ಬದಿ. "ನಾನು ಬಟ್ಟೆ ಒಗೆದ ನೀರು ಸಮುದ್ರ ಸೇರುದು ಎಲ್ಲಿ ಅಂತ ಒಮ್ಮೆ ನೋಡ್ಬೇಕು" ಎಂದು ನನ್ನ ಬಾಲ್ಯದಿಂದಲೂ ಹೇಳುತ್ತಿದ್ದಳು. ಬೇರೆ ಯಾವ ಆಸೆಯನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ನಾವು ಹೂಂ ಹೂಂ ಎಂದು ಐವತ್ತು ವರ್ಷ ಕಳೆದೆವು. ಹೋದ ಡಿಸೆಂಬರಿನಲ್ಲಿ ಡಾಕ್ಟ್ರು, "ಹಾರ್ಟ್ ಸ್ವಲ್ಪ ಸೋತಿದೆ. ದೂರ ಎಲ್ಲಿಗಾದರೂ ಹೋಗ್ಲಿಕ್ಕಿದ್ದರೆ ಈಗಲೇ ಒಮ್ಮೆ ಹೋಗಿ ಬನ್ನಿ, ಮತ್ತೆ ನಾನು ಬಿಡುದಿಲ್ಲ" ಎಂದರು. ಆಗ ನನಗೆ ಎಚ್ಚರವಾಯಿತು. ಅದೇ ಹೊಳೆ ಚಂದ್ರಗಿರಿ ಎಂಬ ಹೆಸರಲ್ಲಿ ಕಾಸರಗೋಡಿನ ಹತ್ತಿರ ಸಮುದ್ರ ಸೇರುತ್ತದೆ. ಅಲ್ಲಿ ಬಾಡಿಗೆಗೆ ಮೋಟಾರು ಬೋಟು ಸಿಗುತ್ತದೆ. ಅಮ್ಮ ಮತ್ತು ನಾನು, ಇಬ್ಬರೇ ಎಂದು ಹೇಳಿ ಬೋಟು ಗೊತ್ತುಮಾಡಿದೆ.

ಆಮೇಲೆ ಸವಣೂರಿನ ಭಾವನಿಗೆ ಫೋನು ಮಾಡಿ ಹೇಳಿದೆ. ಅದೇ ನಾನು ಮಾಡಿದ ತಪ್ಪು.

"ಇಬ್ಬರೇ ಹೋಗುದಾ? ನೋಡಿದವರು ಎಂತ ಹೇಳಿಯಾರು!" ಎಂದರು ಭಾವ. ವಾರ ಕಳೆಯುವಾಗ ಹದಿನಾಲ್ಕು ಜನ, ಒಂದು ವ್ಯಾನು, ಅಡುಗೆಯವರಿಂದ ತರಿಸಿದ ನಾಲ್ಕು ದೊಡ್ಡ ಪಾತ್ರೆ, ಒಂದು ಕಟ್ಟು ಬಾಳೆಲೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಇದೆಲ್ಲ ಅಮ್ಮನಿಗಾಗಿ.

ಬೋಟಿನವರು ನನ್ನದೇ ಪ್ರಾಯದ ಬ್ಯಾರಿ ಸಾಯ್ಬರು. ಪಾತ್ರೆಗಳನ್ನು ನೋಡಿ "ಮದುವೆ ಯಾರದ್ದು?" ಎಂದು ಕೇಳಿದರು. ನಾವು ನಕ್ಕೆವು. ಮತ್ತೆ ನನ್ನನ್ನು ಬದಿಗೆ ಕರೆದು, "ಅಣ್ಣ, ಮಧ್ಯಾಹ್ನ ಒಂದು ಗಂಟೆಯೊಳಗೆ ಅಳಿವೆ, ಹೊಳೆ ಸಮುದ್ರ ಸೇರುವ ಜಾಗ, ಮುಟ್ಟಬೇಕು. ಮತ್ತೆ ನೀರಿಳಿತದೆ, ಮರಳು ಮೇಲೆ ಬರ್ತದೆ, ಬೋಟು ಹೋಗುದಿಲ್ಲ" ಎಂದು ಅಚ್ಚ ಕನ್ನಡದಲ್ಲೇ ಹೇಳಿದರು. ನಾನು "ಆಯ್ತು, ಆಯ್ತು" ಎಂದೆ.

ಬೋಟು ಹೊರಟಿತು. ಅಷ್ಟು ಅಗಲದ ನೀರಿದ್ದರೂ ನಮ್ಮವರು ಯಾರೂ ನೀರು ನೋಡಲಿಲ್ಲ. ದಡದ ತೋಟಗಳನ್ನು ನೋಡಿದರು. "ಈ ಪುಣ್ಯಾತ್ಮನಿಗೆ ತೆಂಗಿಗೆ ಗೊಬ್ಬರ ಹಾಕ್ಲಿಕ್ಕೆ ಎಂತ ಧಾಡಿ?" ಎಂದು ಭಾವ ಯಾರದೋ ತೋಟಕ್ಕೆ ಬೈದರು. ಅಮ್ಮ ಮಾತ್ರ ಎದುರಿನ ಸೀಟಿನಲ್ಲಿ ಸೆರಗು ಹೊದ್ದು, ಬೋಟು ಹೋಗುವ ದಿಕ್ಕಿಗೇ ಕಣ್ಣು ನೆಟ್ಟು ಕೂತಿದ್ದಳು.

ಹನ್ನೊಂದೂ ಮುಕ್ಕಾಲಿಗೆ ಭಾವನಿಗೆ ಹಸಿವಾಯಿತು. ಸಾಂಬಾರು ತುಳುಕುತ್ತದೆ ಎಂದು ಇಂಜಿನು ನಿಲ್ಲಿಸಿಸಿದರು. ಹಲಗೆಯ ಮೇಲೆ ಸಾಲಾಗಿ ಎಲೆ ಬಿತ್ತು. ಉಪ್ಪು, ಉಪ್ಪಿನಕಾಯಿ, ಪಲ್ಯ, ಎಲ್ಲ ಕ್ರಮಪ್ರಕಾರ. ಅಷ್ಟರಲ್ಲಿ ಬೋಟಿನವರು ಹಿಂದೆ ಕೂತು ತಮ್ಮ ಬುತ್ತಿ ಬಿಚ್ಚಿದರು. ದೇವರೇ! ನಮ್ಮ ಎದುರಿಗೆ ಒಬ್ಬರು ಬುತ್ತಿ ಉಣ್ಣುದೆಂದರೆ ನಮ್ಮ ಮರ್ಯಾದೆ ಎಂತ ಆಗಬೇಕು? ಭಾವ ಹೋಗಿ ಬುತ್ತಿಯ ಮುಚ್ಚಳ ತಾವೇ ಹಾಕಿಬಿಟ್ಟರು. ನಾನು ಎಲೆ ಹಾಕಿದೆ.

"ಬೇಡ ಅಣ್ಣ, ಹೊತ್ತಾಗ್ತದೆ."

ನಮ್ಮಲ್ಲಿ ಬೇಡ ಎಂದವರನ್ನು ಇವತ್ತಿನವರೆಗೆ ಯಾರೂ ನಂಬಿದ್ದಿಲ್ಲ. ನಾಚಿಕೆ ಎಂದು ತಿಳಿದು ಮತ್ತೂ ಬಡಿಸುದು ಕ್ರಮ. ಅವರು ಎರಡನೇ ಸಲದ ಪಾಯಸಕ್ಕೆ ಎಲೆಯ ಮೇಲೆ ಅಡ್ಡ ಬಾಗಿದರು. ಮೂರನೇ ಸಲ ಎರಡೂ ಕೈ ಅಡ್ಡ ಹಿಡಿದರು. ನಾನು ಬೆರಳಿನ ಸಂದಿಯಲ್ಲೇ ಸೌಟು ಬಗ್ಗಿಸಿದೆ. ಅವರು ಪಾಯಸ ನೋಡಿದರು, ನೀರು ನೋಡಿದರು, ವಾಚು ನೋಡಿದರು.

"ಮಗಾ, ಹೋಗುವನಾ?" ಎಂದಳು ಅಮ್ಮ.

"ಈಗ ಹೋಗುವ ಅಮ್ಮ. ಮಜ್ಜಿಗೆ ಒಂದು ಆಗ್ಲಿ."

ಮಜ್ಜಿಗೆ ಆಯಿತು. ವೀಳ್ಯದ ತಟ್ಟೆ ಬಂತು. ಭಾವ ಕಾಲು ನೀಡಿ ಹತ್ತು ನಿಮಿಷ ಕಣ್ಣು ಮುಚ್ಚಿದರು. ಅಮ್ಮ ಇನ್ನೊಮ್ಮೆ ಕೇಳಿದಳು. ನಾನು ಪಾತ್ರೆ ಕಟ್ಟುವ ಗಡಿಬಿಡಿಯಲ್ಲಿದ್ದೆ.

ಇಂಜಿನು ಚಾಲೂ ಆಗುವಾಗ ಎರಡು ಗಂಟೆ. ಎರಡು ತಿರುವು ದಾಟಿದೆವು. ಗಾಳಿಗೆ ಉಪ್ಪಿನ ವಾಸನೆ ಬಂತು, ಅಲೆಯ ಸದ್ದೂ ಕೇಳಿತು. ಅಮ್ಮ ಕಂಬಿ ಹಿಡಿದು ಎದ್ದು ನಿಂತಳು. ಅಷ್ಟರಲ್ಲಿ ಬೋಟಿನ ಅಡಿ ಕರ್ರೆಂದು ಮರಳಿಗೆ ತಾಗಿತು. ಬೋಟಿನವರು ಬಿದಿರಿನ ಗಳು ನೀರಿಗೆ ಇಳಿಸಿ ನೋಡಿ ತಲೆ ಆಡಿಸಿದರು. "ಇನ್ನು ಆಗುದಿಲ್ಲ. ನಾನು ಬೇಡ ಬೇಡ ಹೇಳಿದೆ ಅಲ್ವಾ ಅಣ್ಣ?"

ಎದುರಿಗೆ ಒಂದು ಮರಳ ದಿಬ್ಬ. ಸಮುದ್ರ ಅದರ ಆಚೆ. ಅಮ್ಮ ತುದಿಗಾಲಲ್ಲಿ ನಿಂತು ಕುತ್ತಿಗೆ ಉದ್ದ ಮಾಡಿದಳು, ಮತ್ತೆ ಕೂತಳು.

"ಸಮುದ್ರ ಎಲ್ಲಿಗೆ ಓಡಿಹೋಗ್ತದೆ? ಮುಂದಿನ ವರ್ಷ ಬರುವ" ಎಂದರು ಭಾವ. ಅವರನ್ನು ನೀರಿಗೆ ದೂಡಬೇಕು ಅನ್ನಿಸಿತು. ಆದರೆ ಸೌಟು ಇದ್ದದ್ದು ನನ್ನ ಕೈಯಲ್ಲಿ.

ದಡ ಮುಟ್ಟುವ ಮೊದಲೇ ಭಾವ ಕುಟುಂಬದ ವಾಟ್ಸಾಪಿಗೆ ಹಾಕಿದ್ದರು: "ಅಮ್ಮನಿಗೆ ಅಳಿವೆ ತೋರಿಸಿದ ಪುಣ್ಯದ ದಿನ." ಫೋಟೋದ ನಡುವೆ ಪಾಯಸದ ಪಾತ್ರೆ, ಮೂಲೆಯಲ್ಲಿ ಅಮ್ಮನ ಅರ್ಧ ಮುಖ. ಅದಕ್ಕೆ ಎಲ್ಲರದ್ದೂ ಕೈಮುಗಿದ ಚಿತ್ರ.

ಮರುದಿನ ಬೆಳಿಗ್ಗೆ ಸುಳ್ಯದಿಂದ ಅಮ್ಮನ ತಂಗಿಯ ಫೋನು. ನಾನು ಕಾಫಿ ಹಿಡಿದು ಬಾಗಿಲಲ್ಲಿ ನಿಂತೆ. "ಹೌದು ಮಾರಾಯ್ತಿ, ನೋಡಿದೆ" ಎನ್ನುತ್ತಿದ್ದಳು ಅಮ್ಮ. "ಮಕ್ಕಳು ಚಂದ ಮಾಡಿ ತೋರಿಸಿದರು. ಎಷ್ಟು ಅಗಲ ಅಂತಿ!" ಆಚೆಯಿಂದ ಏನೋ ಪ್ರಶ್ನೆ ಬಂತು. ಅಮ್ಮ ನನ್ನನ್ನು ಕಂಡು ಫೋನಿಗೆ ಅಂಗೈ ಅಡ್ಡ ಹಿಡಿದು ಮೆಲ್ಲನೆ ಕೇಳಿದಳು:

"ಮಗಾ, ಸೇರುವಲ್ಲಿ ನೀರು ಯಾವ ಬಣ್ಣ ಇರ್ತದೆ? ಅವಳು ಕೇಳ್ತಾಳೆ."