ತೆಪ್ಪ ಮಾಯಮ್ಮನದು, ಹುಟ್ಟುಗೋಲು ಸಾಹುಕಾರನದು

ಬೆಳಗಿನ ಐದೂವರೆ. ಕಣ್ವ ಜಲಾಶಯದ ದಂಡೆಯಲ್ಲಿ ತೆಪ್ಪ ಕವುಚಿ ಬಿದ್ದಿದೆ. ಮಾಯಮ್ಮ ಮಾತ್ರ ಸಾಹುಕಾರನ ಶೆಡ್ಡಿನ ಬಾಗಿಲಲ್ಲಿ ಕಾಯುತ್ತಿದ್ದಾರೆ. ತೆಪ್ಪ ನಡೆಸುವ ಹುಟ್ಟುಗೋಲು ಇರುವುದು ಒಳಗೆ. ಮೀನು ಕೊಳ್ಳುವ ಈ ಸಾಹುಕಾರ ಬಲೆಗೆಂದು ಮುಂಗಡ ಕೊಟ್ಟಿದ್ದಾನೆ. ಅದು ತೀರುವವರೆಗೂ ಹುಟ್ಟುಗೋಲು ಅವನ ವಶ. ದಿನಾ ಬೆಳಿಗ್ಗೆ ಕೇಳಿ ಪಡೆಯಬೇಕು, ಮೀನಿನ ಜೊತೆ ತಂದು ಒಪ್ಪಿಸಬೇಕು.

“ಅವ್ನು ಎದ್ದು ಕಾಫಿ ಕುಡ್ದು ಬರೋಗಂಟ ನಿಂತ್ಕಂಡಿರ್ಬೇಕು ಸಾ. ಅಷ್ಟೊತ್ಗೆ ಬಿಸ್ಲು ಬಂದ್ಬುಡ್ತದೆ, ರಾತ್ರಿ ಬಿದ್ದ ಮೀನು ಬಲೇಲೇ ಮೆತ್ಗಾಯ್ತದೆ. ಮೆತ್ಗಾಗೈತೆ ಅಂತ ಅವ್ನೇ ರೇಟು ಇಳಿಸ್ತಾನೆ,” ಎನ್ನುತ್ತಾರೆ ಐವತ್ತೆರಡರ ಮಾಯಮ್ಮ. ಎಂಥಾ ನ್ಯಾಯ ನೋಡಿ!

ದಿನಕ್ಕೆ ಸಿಗುವುದು ನಾಲ್ಕೈದು ಕೆಜಿ. ಚನ್ನಪಟ್ಟಣದಲ್ಲಿ ನೂರೈವತ್ತಕ್ಕೆ ಮಾರುವ ಕಾಟ್ಲಾ ಮೀನಿಗೆ ಸಾಹುಕಾರ ಕಟ್ಟುವ ಬೆಲೆ ಎಪ್ಪತ್ತು. ಅದರಲ್ಲೂ ಮುಂಗಡಕ್ಕೆ ಮುರಿದುಕೊಳ್ಳುತ್ತಾನೆ. ಮಳೆಗಾಲದಲ್ಲಿ ನೀರೊಳಗಿನ ಮರದ ಬೊಡ್ಡೆಗೆ ಸಿಕ್ಕಿ ಬಲೆ ಹರಿದರೆ ಹೊಸ ಬಲೆಯ ಲೆಕ್ಕ ಸೇರುತ್ತದೆ. ಮೂರು ವರ್ಷವಾದರೂ ಇಪ್ಪತ್ತೆರಡು ಸಾವಿರ ಬಾಕಿ ಹಾಗೇ ಇದೆ.

ಗಂಡ ದಾಸಪ್ಪ ಇದೇ ನೀರಿನಲ್ಲಿ ಮುಳುಗಿ ತೀರಿಕೊಂಡು ಆರು ವರ್ಷ. ಆತನ ಸಾಲಕ್ಕೆ ಜಾಮೀನು ನಿಂತಿದ್ದ ಪಕ್ಕದ ಮನೆಯ ದೊಡ್ಡಹನುಮಯ್ಯ, ಕರೆಯುವ ಹಸು ಮಾರಿ ಬಾಕಿ ಕಟ್ಟಿದರು. “ಇವತ್ಗೂ ಒಂದ್ಮಾತು ಅಂದಿಲ್ಲ ಆವಣ್ಣ. ಬೈದಿದ್ರೆ ಒಸಿ ಹಗುರ ಆಗ್ತಿತ್ತು,” ಎಂದು ಮಾಯಮ್ಮ ಮುಖ ಒರೆಸಿಕೊಳ್ಳುತ್ತಾರೆ. ಗಂಡ ಹೋದ ಮೇಲೆ ತೆಪ್ಪ ಹತ್ತಿದವರು ಇವರು.

ಸಾಹುಕಾರನ ಋಣ ಹರಿದುಕೊಳ್ಳಲು ಬ್ಯಾಂಕಿಗೆ ಹೋದರೆ ಅಲ್ಲಿ ಜಮೀನಿನ ಪಹಣಿ ಕೇಳಿದರು. “ನೀರ್ಗೆಲ್ಲಿಂದ ಪಹಣಿ ತರ್ಲಿ ಸಾ? ಡ್ಯಾಮು ನಮ್ಮಪ್ಪಂದಾ?” ಆರು ತಿಂಗಳು ಅಲೆಸಿದ ಮೇಲೆ, ಒಬ್ಬ ಜಾಮೀನುದಾರರು ಬಂದರೆ ಸಾಕು ಎಂದರು. ನೆಂಟರೆಲ್ಲ ಜಾರಿಕೊಂಡರು. ಒಪ್ಪಿದ್ದು, ಚನ್ನಪಟ್ಟಣದ ರಸ್ತೆಬದಿಯಲ್ಲಿ ಮೀನು ಹೆಚ್ಚಿಕೊಡುವ ಗೆಳತಿ ಹಮೀದಾ.

ಕಳೆದ ಸೋಮವಾರ ಅವರಿಬ್ಬರ ಜೊತೆ ನಾನೂ ಬ್ಯಾಂಕಿನಲ್ಲಿದ್ದೆ. ಹಮೀದಾ ಪೆನ್ನು ಹಿಡಿದು ಸಹಿ ಮಾಡುವ ಜಾಗ ಹುಡುಕುತ್ತಿದ್ದರು. ಮಾಯಮ್ಮ ತಟ್ಟನೆ ಅರ್ಜಿ ಎಳೆದುಕೊಂಡು, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ತಲೆ ಕೆಟ್ಟೈತಾ ಅಕ್ಕ ನಿಂಗೆ? ಆರ್ ತಿಂಗ್ಳು ಅಲೆದಿದ್ದು ಇದ್ಕಾ?” ಹಮೀದಾ ಎಲ್ಲರೆದುರೇ ರೇಗಿದರು. ಮಾಯಮ್ಮ ಮೆಟ್ಟಿಲಿಳಿದರು.

ನನಗೂ ತಡೆಯಲಾಗದ ಸಿಟ್ಟು. ಬಸ್ ಸ್ಟ್ಯಾಂಡಿನಲ್ಲಿ ಕೇಳಿಯೇಬಿಟ್ಟೆ: ಕೈಗೆ ಬಂದದ್ದನ್ನು ಯಾಕಮ್ಮ ಬಿಟ್ಟಿರಿ?

“ಅವ್ಳಿಗೆ ಮೂರು ಹೆಣ್ಮಕ್ಳು ಸಾ,” ಎಂದರು ಮಾಯಮ್ಮ. “ನಂಗೆ ಈಜು ಬರಾಕಿಲ್ಲ.”