ಕೆಳಗಿನಿಂದ ಓದಿದ ಪುಟ

ನನ್ನ ತಂಗಿಯ ಬಲಗೈಯ ಎರಡು ಬೆರಳು ಮಗ್ಗಕ್ಕೆ ಸಿಕ್ಕಿ ಮುರಿದವು ಅಂತ ದೊಡ್ಡಬಳ್ಳಾಪುರದ ನಮ್ಮ ಬೀದಿಯವರೆಲ್ಲ ನಂಬಿದ್ದಾರೆ. ಹಾಗೆ ಹೇಳಿದವನು ನಾನು. ಮುರಿದವನೂ ನಾನೇ.

ನಾನು ಓದಿದ್ದು ಐದನೇ ಕ್ಲಾಸು. ಆಮೇಲೆ ಪವರ್‌ಲೂಮ್ ಮಗ್ಗ. ಅಲ್ಲಿ ಸದ್ದೆಂದರೆ ಹೊಡೆತದ ಸದ್ದು. ದಾರ ಹೊತ್ತ ಲಾಳಿ ಆ ಕಡೆಯಿಂದ ಈ ಕಡೆಗೆ ಗುದ್ದಿಸಿಕೊಂಡು ಓಡುತ್ತಲೇ ಇರುತ್ತದೆ. ಅಪ್ಪ ಇದ್ದಷ್ಟು ದಿನ ಮಗ್ಗದ ಹರಿದ ಬೆಲ್ಟಿನಿಂದ ನನಗೆ ಬಾರಿಸುತ್ತಿದ್ದ. ಅಪ್ಪ ಹೋದ ಮೇಲೆ ಹೊಡೆಯುವ ಕೆಲಸ ನನ್ನದಾಯಿತು. ತಂಗಿ ಎದುರು ಮಾತಾಡಿದರೆ ಕೆನ್ನೆಗೆ ಬೀಳುತ್ತಿತ್ತು. ಅದನ್ನು ಜವಾಬ್ದಾರಿ ಅಂದುಕೊಂಡಿದ್ದೆ.

ಅವಳು ಕಾಲೇಜು ಓದುತ್ತಾ ಕಾಮಿಕ್ಸ್ ಬರೆಯುತ್ತಿದ್ದಳು. ದೇವನಹಳ್ಳಿ ರಸ್ತೆಯ ಒಂದು ದೊಡ್ಡ ಹಾಲ್‌ನಲ್ಲಿ ಕಾಮಿಕ್ಸ್ ಅಭಿಮಾನಿಗಳ ಸಮಾವೇಶ ಇದೆ, ತನ್ನ ಪುಸ್ತಕ ಇಡಲು ತನಗೂ ಒಂದು ಟೇಬಲ್ ಸಿಕ್ಕಿದೆ ಅಂದಳು. ಸೀರೆ ಸಾಗಿಸುವ ನನ್ನ ಗೆಳೆಯನ ಟೆಂಪೋದಲ್ಲಿ ಅವಳೂ ಅವಳ ಗೆಳತಿಯೂ ನಾನೂ ಹೋದೆವು.

ಒಳಗೆ ಎಲ್ಲಿ ನೋಡಿದರೂ ಹೊಡೆದಾಟ. ಗೋಡೆ ತುಂಬ ಅಂಟಿಸಿದ ಚಿತ್ರಗಳಲ್ಲಿ ಮುಷ್ಟಿ, ರಕ್ತ, ಉರುಳುವ ಕಟ್ಟಡ. ವೇಷ ಹಾಕಿದವರು ರಟ್ಟಿನ ಕತ್ತಿಯಿಂದ ಒಬ್ಬರನ್ನೊಬ್ಬರು ಕಡಿಯುವ ಹಾಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ಗುರು, ನೋಡಿದ್ಯಾ," ಅಂದ ಗೆಳೆಯ. "ಹೊಡೆಯೋನು ಬೆಳ್ಳಗವ್ನೆ, ಒದೆ ತಿನ್ನೋನು ನಮ್ ಥರ ಅವ್ನೆ."

"ಅದನ್ನೇ ಅಣ್ಣ ನಾವೂ ಹೇಳ್ತಿರೋದು," ಅಂದಳು ತಂಗಿಯ ಗೆಳತಿ. "ಎಲ್ಲಾ ಥರದ ಜನಾನೂ ಕಥೆಯೊಳಗೆ ಬರಬೇಕು."

"ಬರ್ತಾರಲ್ಲಮ್ಮ! ಕಟ್ಟಡ ಬಿದ್ದಾಗ ಕೆಳಗೆ ಬಾಯಿ ಬಡ್ಕೊಂಡು ಓಡೋರು ಯಾರು? ನಾವೇ!"

ನಾವೆಲ್ಲ ನಕ್ಕೆವು. ತಂಗಿ ನಗಲಿಲ್ಲ. "ನಾನು ಓಡೋರನ್ನ ಬರೆಯಲ್ಲಣ್ಣ. ನನ್ನ ಹೀರೋಯಿನ್ ಮಗ್ಗದೋಳು. ಕಪ್ಪಗಿದಾಳೆ. ಅವಳನ್ನ ಬೆಳ್ಳಗೆ ಮಾಡು, ಪುಸ್ತಕ ಹಾಕ್ತೀವಿ ಅಂತ ಒಬ್ರು ಪ್ರಕಾಶಕರು ಹೇಳಿದ್ರು. ಆಗಲ್ಲ ಅಂದೆ."

"ಕರಿಯವ್ವನ ಕೊಬ್ಬು ನೋಡು," ಅಂದೆ ನಾನು. ಚಿಕ್ಕಂದಿನಿಂದ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ.

"ಇವತ್ತೊಂದಿನ ಆ ಹೆಸರು ಬಿಡಣ್ಣ," ಅಂದಳು ಮೆಲ್ಲಗೆ.

ಅಷ್ಟರಲ್ಲಿ ಅವಳು ಕೈಯಲ್ಲೇ ಬರೆದು ತಂದಿದ್ದ ಪುಸ್ತಕ ತಿರುವುತ್ತಿದ್ದ ಗೆಳೆಯ ಕೂಗಿದ: "ಲೇ, ಬಾರೋ ಇಲ್ಲಿ! ತಂಗಿ ನಿನ್ನೇ ಹೊಡೆದು ಮಲಗಿಸವ್ಳೆ!" ಅಕ್ಕಪಕ್ಕದ ಟೇಬಲ್‌ನವರು ನಕ್ಕರು.

ಆ ಪುಟದಲ್ಲಿ ಮಾತಿರಲಿಲ್ಲ, ಬರೀ ಚಿತ್ರ. ನನ್ನ ಕಣ್ಣು ಹೋದದ್ದು ಕೆಳಗಿನ ಸಾಲಿಗೆ. ಇಪ್ಪತ್ತು ವರ್ಷದಿಂದ ನನ್ನ ಕೆಲಸ ಸೀರೆಯ ಡಿಸೈನ್ ಗ್ರಾಫ್ ನೋಡಿ, ಮಗ್ಗಕ್ಕೆ ಹಾಕುವ ರಟ್ಟಿನ ಕಾರ್ಡಿಗೆ ತೂತು ಹೊಡೆಯುವುದು. ಬಟ್ಟೆ ಬೆಳೆಯುವುದು ಕೆಳಗಿನಿಂದ. ಗ್ರಾಫನ್ನೂ ಕೆಳಗಿನಿಂದಲೇ ಓದುತ್ತೇವೆ. ಕೆಳಗಿನ ಚಿತ್ರದಲ್ಲಿ ನಾನು ರಕ್ತದಲ್ಲಿ ಬಿದ್ದಿದ್ದೆ. ನನ್ನದೇ ಮೂಗು, ನನ್ನದೇ ಹುಬ್ಬಿನ ಗಾಯದ ಗುರುತು. ಪಕ್ಕದಲ್ಲಿ ನಿಂತ ಕಪ್ಪು ಹೆಂಗಸಿನ ಕೈಯಲ್ಲಿ ಲಾಳಿ, ಅದರ ಮೊನೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅದರ ಮೇಲಿನ ಸಾಲಿನಲ್ಲಿ ಅವಳು ಹೊಡೆಯಲು ಲಾಳಿ ಎತ್ತಿದ್ದಳು. ಅದಕ್ಕಿಂತ ಮೇಲೆ ನಾನು ನೋಡಲಿಲ್ಲ.

ಪುಸ್ತಕ ಹರಿದು ಹಾಕಲು ಕೈ ಹಾಕಿದೆ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು. "ಅಣ್ಣಾ, ಪೂರ್ತಿ ನೋಡು, ಪೂರ್ತಿ ನೋಡು!" ಕೆನ್ನೆಗೆ ಬಾರಿಸಿದೆ. ಆಗಲೂ ಬಿಡಲಿಲ್ಲ. ಬೆರಳುಗಳನ್ನು ಹಿಡಿದು ಹಿಂದಕ್ಕೆ ಮಡಚಿದೆ. ಒಣ ಪುಳ್ಳೆ ಮುರಿದ ಹಾಗೆ ಸದ್ದಾಯಿತು. ಅವಳು ಕಿರುಚಲಿಲ್ಲ, ಉಸಿರು ಒಳಗೆಳೆದುಕೊಂಡು ಟೇಬಲ್ ಪಕ್ಕ ಕುಸಿದಳು. ಇದೂ ಒಂದು ಆಟವೆಂದು ಕೆಲವರು ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದರು.

"ಥೂ ನಿನ್ನ! ತಮಾಷೆಗಂದೆ ಕಣೋ!" ಗೆಳೆಯ ಕತ್ತಿನ ಪಟ್ಟಿ ಹಿಡಿದು ನನ್ನನ್ನು ಹಿಂದಕ್ಕೆ ತಳ್ಳಿದ.

ಗೆಳತಿ ಆ ಪುಟವನ್ನು ನನ್ನ ಮುಖಕ್ಕೆ ಹಿಡಿದಳು. "ಮೇಲಿಂದ ನೋಡಿ. ನೋಡಿ ಅಂದೆ!"

ಮೇಲಿನ ಸಾಲಿನಲ್ಲಿ ನಾಲ್ಕು ಜನ ಸರಪಳಿಯಿಂದ ನನ್ನನ್ನು ಬಡಿಯುತ್ತಿದ್ದರು. ಆ ಕಪ್ಪು ಹೆಂಗಸು ಮಗ್ಗದಿಂದ ಲಾಳಿ ಕಿತ್ತುಕೊಂಡು ನನಗೆ ಅಡ್ಡ ಬಂದಿದ್ದಳು. ಲಾಳಿ ಎತ್ತಿದ್ದು ಅವರ ಮೇಲೆ.

ಕೆಲಸದ ಅಭ್ಯಾಸದಿಂದ ತಪ್ಪಾಯಿತು ಅಂತ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ನೆಪ. ಅವಳು ನಿಜವಾಗಿಯೂ ನನ್ನನ್ನು ಕೊಲ್ಲುವ ಹಾಗೆಯೇ ಬರೆದಿದ್ದರೂ ಆ ಬೆರಳು ಮುರಿಯಲು ನಾನು ಯಾರು?

ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಹೇಗಾಯ್ತಮ್ಮ ಅಂತ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು "ಮಗ್ಗಕ್ಕೆ ಸಿಕ್ಕಿಬಿಡ್ತು ಸಾರ್" ಅಂದೆ. ಮನೆಗೆ ಬಂದು ಅಮ್ಮನಿಗೂ ಅದನ್ನೇ ಅಂದೆ. ತಂಗಿ ಇಲ್ಲವೆನ್ನಲಿಲ್ಲ. ಗೆಳೆಯನೂ ಗೆಳತಿಯೂ ನಮ್ಮ ಬೀದಿಯಲ್ಲಿ ಬಾಯಿ ಬಿಡಲಿಲ್ಲ. ಮೂಳೆ ಕೂಡಿತು, ಆದರೆ ನಡುಬೆರಳು ಪೂರ್ತಿ ಮಡಚುವುದಿಲ್ಲ. ಒಂದು ಗೆರೆ ಎಳೆದು ಕೈ ಒದರಿಕೊಳ್ಳುತ್ತಾಳೆ, ಮತ್ತೆ ಎಳೆಯುತ್ತಾಳೆ.

ಕಳೆದ ಭಾನುವಾರ ನನ್ನನ್ನು ಕರೆದಳು. "ಅಣ್ಣ, ಇಲ್ಲಿ ನಿಂತ್ಕೋ. ಕೈ ಎತ್ತು."

ಎತ್ತಿದೆ.

"ಹಾಗಲ್ಲ. ಅವತ್ತು ಎತ್ತಿದ ಹಾಗೆ."

ಅಂಗೈ ಬಿಚ್ಚಿ ತೋಳು ಹಿಂದಕ್ಕೆ ತೆಗೆದೆ. "ಇದನ್ನೂ ಬರೀತೀಯೇನವ್ವ?"

"ಬರೀತೀನಿ. ಅಮ್ಮ ಪುಸ್ತಕ ನೋಡಿ ತಿಳ್ಕೊಳ್ಳೋದು ಬೇಡ. ನೀನೇ ಹೇಳು."

ಪೆನ್ಸಿಲ್ ಓಡುತ್ತಿತ್ತು, ನಿಲ್ಲುತ್ತಿತ್ತು. ಕೈ ಇಳಿಸಬೇಡ ಅಂದಳು. ಇಳಿಸಲಿಲ್ಲ. ಹಾಗೇ ನಿಂತು ಅಡುಗೆಮನೆಯ ಕಡೆ ತಿರುಗಿ ಅಮ್ಮನನ್ನು ಕರೆದೆ.