ರೆಕ್ಕೆಗೆ ನಾಲ್ಕು ಬೆರಳು ಬಟ್ಟೆ

ನಮ್ಮ ಕಾಕಾ ಹೊಲಿದ ಅಂಗಿ ಬಿಚ್ಚಿದರೆ ಒಳಗೆ ಇನ್ನೊಂದು ಅಂಗಿಗಾಗುವಷ್ಟು ಬಟ್ಟೆ ಸಿಗುತ್ತದೆ ಎಂದು ನಮ್ಮೂರು ಹುಕ್ಕೇರಿಯ ಜನ ಚೇಷ್ಟೆ ಮಾಡುತ್ತಿದ್ದರು. ಅದು ಪೂರ್ತಿ ಸುಳ್ಳೇನಲ್ಲ. ಪ್ರತಿ ಹೊಲಿಗೆಯ ಒಳಗೂ ಅವರು ನಾಲ್ಕು ಬೆರಳು ಬಟ್ಟೆ ಮಡಚಿ ಬಿಡುತ್ತಿದ್ದರು. ಹುಡುಗರು ಬೆಳೆಯುತ್ತಾರೆ, ಗಂಡಸರಿಗೆ ಹೊಟ್ಟೆ ಬರುತ್ತದೆ, ಆಗ ಬಿಚ್ಚಿ ಹಿಗ್ಗಿಸಿ ಕೊಡಬೇಕಲ್ಲ! ಒಮ್ಮೆ ಮೂಡಲಗಿಯ ಗೌಡರೊಬ್ಬರು ತಮ್ಮ ಮದುವೆಯ ಕೋಟನ್ನು ಹತ್ತು ವರ್ಷದ ಮೇಲೆ ತಂದು, ಗುಂಡಿ ಹತ್ತುವುದಿಲ್ಲ ಎಂದು ಮುಖ ಸಣ್ಣದು ಮಾಡಿ ನಿಂತರು. ಕಾಕಾ ಎರಡೂ ಬದಿ ಬಿಚ್ಚಿ, ಅರ್ಧ ತಾಸಿನಲ್ಲಿ ಅದೇ ಕೋಟು ತೊಡಿಸಿ ಕಳಿಸಿದರು. ಆ ಕಥೆಯನ್ನು ನಾನು ಕಡಿಮೆಯೆಂದರೂ ನೂರು ಸಲ ಕೇಳಿದ್ದೇನೆ.

ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿಸಿದವರು ಈ ಕಾಕಾನೇ. ಎರಡನೇ ಮಹಾಯುದ್ಧ ನಡೆದಿದ್ದಾಗ ನನಗೆ ಇಪ್ಪತ್ತೆರಡು. ಗಂಡ ದೂರದ ಹಳ್ಳಿಯಲ್ಲಿ ಶಾಲೆಯ ಮಾಸ್ತರ. ಅವರಿಗೆ ಅಲ್ಲಿ ಮನೆ ಸಿಗುವವರೆಗೆ ನಾನು ಕಾಕಾನ ಮನೆಯಲ್ಲೇ ಇದ್ದೆ. ಕೈಗೆ ಕೆಲಸ ಕಡಿಮೆ, ಬಾಯಿಗೆ ಜಾಸ್ತಿ.

ಆಗ ಸಂಕೇಶ್ವರದ ವ್ಯಾಪಾರಿಯೊಬ್ಬರ ಮೂಲಕ ಕಾಕಾನ ಅಂಗಡಿಗೆ ವಿಮಾನದ ಕೆಲಸ ಬಂತು. ವಿಮಾನ ಎಂದೊಡನೆ ಊರೆಲ್ಲ ಬಂದು ಇಣುಕಿತು. ಕಂಡದ್ದು ಕೆನೆಬಣ್ಣದ ತೆಳ್ಳನೆಯ ಬಟ್ಟೆ, ಅಷ್ಟೇ. ಹಾರಾಟ ಕಲಿಯುವ ಹುಡುಗರ ಸಣ್ಣ ವಿಮಾನಗಳಿಗೆ ಕಟ್ಟಿಗೆಯ ರೆಕ್ಕೆಗಳಿರುತ್ತವಂತೆ. ದಿಂಬಿಗೆ ಹೊಲಿದ ಹಾಗೆ ಆ ರೆಕ್ಕೆಗೊಂದು ಗವಸು ಹೊಲಿದುಕೊಟ್ಟರೆ, ದೂರದ ಕಾರ್ಖಾನೆಯಲ್ಲಿ ಅದನ್ನು ತೊಡಿಸಿ, ಬಣ್ಣ ಬಳಿದು, ಹಲಗೆ ವಾದ್ಯದ ಚರ್ಮದ ಹಾಗೆ ಬಿಗಿ ಮಾಡುತ್ತಾರಂತೆ. ಕಾಕಾನೂ ಅವರ ಕೈಕೆಳಗಿನ ಆರು ಜನ ದರ್ಜಿಗಳೂ ಕೂತು ಹೊಲಿದೇ ಹೊಲಿದರು. ಮೇಲೆ ಏನು ಹಾರಿದರೂ ನಮ್ಮದೇ ಗವಸು ಎನ್ನುವಷ್ಟು ಜಂಬ ನಮಗೆ.

ಹೊಲಿದು ಕಳಿಸಿದ ಗವಸುಗಳ ಮೊದಲನೆಯ ಗಂಟು ಇದ್ದಕ್ಕಿದ್ದಂತೆ ವಾಪಸು ಬಂತು. ಅದರ ಹಿಂದೆಯೇ ಪುಣೆಯಿಂದ ತಪಾಸಣೆಯ ಸಾಹೇಬರು ಬಂದಿಳಿದರು. ಪೆಟ್ರೋಲು ಸಿಗದ ಕಾಲ, ಮೋಟಾರು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿತ್ತು. ಅವರ ಮುಖವೆಲ್ಲ ಮಸಿ. ನಮ್ಮ ಆರು ಜನರಲ್ಲಿ ಅಂಕಲಗಿಯ ದರ್ಜಿಯೊಬ್ಬ ಮಷೀನಿಗೆ ಕುಸುಬಿ ಎಣ್ಣೆ ಬಿಟ್ಟು ಎರಡು ಗವಸಿಗೆ ಕಲೆ ಮಾಡಿದ್ದ, ಅದು ಸಣ್ಣ ತಪ್ಪು. ದೊಡ್ಡದು ಎಲ್ಲ ಗವಸುಗಳ ಒಳಗೂ ಮಡಚಿಕೊಂಡು ಕೂತಿತ್ತು. ಇಷ್ಟು ಬಟ್ಟೆ ಯಾಕೆ ಬಿಟ್ಟಿರಿ ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ಕಾಕಾನೂ ಮರಾಠಿಯಲ್ಲೇ, ಸಣ್ಣ ಮಕ್ಕಳಿಗೆ ತಿಳಿಸುವ ಹಾಗೆ, ಮುಂದೆ ಬಿಗಿಯಾದರೆ ಬಿಚ್ಚಲಿಕ್ಕೆ ಬೇಕಲ್ಲ ಎಂದರು.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಹೇಳಿದ್ದು ಮಾತ್ರ ನಗುವಂಥದಲ್ಲ. ಮಡಿಕೆ ದಪ್ಪಗಿದ್ದರೆ ಗವಸು ರೆಕ್ಕೆಗೆ ಅಂಟಿ ಕೂರುವುದಿಲ್ಲ, ಉಬ್ಬಿದ ಕಡೆ ಗಾಳಿ ಹಿಡಿದು ಎಳೆದು ಹೊಲಿಗೆ ಬಿಡುತ್ತದೆ. ಒಳಗೆ ಅರ್ಧ ಇಂಚು ಸಾಕು, ಅದಕ್ಕಿಂತ ಒಂದು ಎಳೆ ಹೆಚ್ಚು ಬೇಡ. ಹನ್ನೆರಡು ಗವಸಿಗೆ ಅಳೆದು ಹೊಸ ಬಟ್ಟೆ ಕೊಟ್ಟರು. ಎಂಟು ದಿನ ಬಿಟ್ಟು ಬರುತ್ತೇನೆ, ಈ ಸಲ ಒಂದು ಕೆಟ್ಟರೂ ಕೆಲಸ ಕೊಲ್ಹಾಪುರದ ದರ್ಜಿಗಳಿಗೆ ಎಂದರು. ಹೊಲಿಯದವರೊಬ್ಬರು, ಓದು ಬಂದವರು, ಒಂದೊಂದನ್ನೂ ನೋಡಿ, ಸರಿಯಿದ್ದರೆ ಮಾತ್ರ ಶಿಕ್ಕಾದ ಮೊಹರು ಒತ್ತಬೇಕು ಎಂದು ಸುತ್ತ ಕಣ್ಣಾಡಿಸಿದರು. ಅಂಥವಳು ನಾನೊಬ್ಬಳೇ.

ಶಿಕ್ಕಾ ಕೈಗೆ ಬಂದದ್ದೇ ತಡ, ನಾನು ಪೊಲೀಸ್ ಫೌಜದಾರಳೇ ಆದೆ. ಗವಸಿನೊಳಗೆ ಭುಜದವರೆಗೆ ಕೈ ಹಾಕಿ ತಡವುವುದು, ಪಟ್ಟಿ ಹಿಡಿದು ಅಳೆಯುವುದು, ಎಣ್ಣೆಯ ವಾಸನೆ ನೋಡುವುದು. "ಸಾಹೇಬ್ರು ಬಂದ್ರು, ನೆಟ್ಟಗ ಕೂಡ್ರಲೇ," ಎಂದು ದರ್ಜಿಗಳು ನಗುತ್ತಿದ್ದರು. ಹೇಳಿದ ದಿನದ ಮುಂಜಾನೆಯ ಹೊತ್ತಿಗೆ ಹನ್ನೊಂದಕ್ಕೆ ಶಿಕ್ಕಾ ಬಿದ್ದಿತ್ತು. ಹನ್ನೆರಡನೆಯದು ಕಾಕಾ ಸ್ವತಃ ಹೊಲಿದದ್ದು, ನೋಡಲು ಎಲ್ಲಕ್ಕಿಂತ ಚೆಂದ. ಉದ್ದಕ್ಕೂ ಅರ್ಧ ಇಂಚು ಸರಿಯಾಗಿಯೇ ಇತ್ತು. ತೀರ ತುದಿಗೆ ಹೋದಾಗ ಬೆರಳಿಗೆ ದಪ್ಪನೆಯ ಮಡಿಕೆ ಸಿಕ್ಕಿತು. ಅಳೆದೆ. ನಾಲ್ಕು ಬೆರಳು.

"ಕಾಕಾ, ತುದಿಯೊಳಗ ಬಟ್ಟಿ ಐತ್ರಿ," ಎಂದೆ ಮೆಲ್ಲಗೆ.

"ಗೊತ್ತೈತಿ. ಬೇಕಂತನ ಬಿಟ್ಟೇನಿ. ಅಲ್ಲೆ ಜಗ್ಗಾಟ ಭಾಳ ಇರತೈತಿ. ಹರದ್ರ ವಿಮಾನ ನಡಸೂ ಹುಡುಗ ಮ್ಯಾಲ ಯಾರನ್ನ ಕರೀಬೇಕು? ಅವನೂ ಯಾರದೋ ಮನಿ ಮಗ ಅಲ್ಲೇನು?"

ಬೇಕಂತಲೇ ಬಿಟ್ಟೆ ಎಂದೊಡನೆ ಬಂದ ಸಿಟ್ಟೆಲ್ಲ ಇಳಿದುಹೋಯಿತು. ಎಂದೂ ಕಾಣದ ಹುಡುಗನ ಮೇಲೆ ಅಷ್ಟು ಮಾಯೆ-ಮಮತೆ!

"ಆ ಮಗನ ಸಂಬಂಧನ ನಾನೂ ಹೇಳಾಕತ್ತೇನ್ರಿ. ದಪ್ಪ ಇದ್ದಲ್ಲೇ ಹೊಲಿಗಿ ಬಿಡತೈತಿ ಅಂತ ಸಾಹೇಬ್ರು ಹೇಳಲಿಲ್ಲೇನ್ರಿ?"

"ಸಾಹೇಬಗೇನು ಗೊತ್ತು ಹೊಲಿಗಿ? ಸುಮ್ನ ಶಿಕ್ಕಾ ಒತ್ತು."

"ಒತ್ತಂಗಿಲ್ರಿ."

ಆರೂ ದರ್ಜಿಗಳು ಒಮ್ಮೆಲೇ ತಲೆ ಎತ್ತಿ ನೋಡಿದರು. ಮಡಿಕೆ ಹೊಲಿಗೆಯಲ್ಲೇ ಸೇರಿದ್ದರಿಂದ ಕತ್ತರಿಸಿ ತೆಗೆಯಲು ಬರುವುದಿಲ್ಲ; ಬಿಚ್ಚಿ ಹೊಲಿದರೆ ಸೂಜಿಯ ತೂತುಗಳು ಉಳಿಯುತ್ತವೆ, ಅದೂ ನಡೆಯದು. ಬೇರೆ ಬಟ್ಟೆ ಇಲ್ಲ. ಒಂದು ಗವಸು ಕಡಿಮೆ ಬಿದ್ದರೆ ಕೆಲಸ ಹೋಗುತ್ತದೆ, ಇಷ್ಟು ಜನ ಮನೆಗೆ ಹೋಗಬೇಕು. "ನಿನಗ ಸೂಜಿಗೆ ದಾರ ಪೋಣಸಾಕ ಕಲಿಸಿದಾಂವ ನಾನು," ಎಂದು ಕಾಕಾ ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟರು. ನನಗೆ ಹೆದರಿಕೆಯಾಯಿತು, ಖರೆ ಹೇಳುತ್ತೇನೆ. ಆ ಮನೆ ಬಿಟ್ಟರೆ ನನಗೆ ಬೇರೆ ತವರಿಲ್ಲ. ಆದರೂ ಗವಸನ್ನು ಮಡಚಿ ಬೇರೆ ಇಟ್ಟೆ.

ಮಧ್ಯಾಹ್ನ ಸಾಹೇಬರು ಬಂದು ಗಂಟು ಬಿಚ್ಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಹನ್ನೊಂದೇ ಇವೆಯಲ್ಲ ಎಂದು ನನ್ನ ಕಡೆ ನೋಡಿದರು. ಒಂದನ್ನು ಇಲಿ ಕಡಿಯಿತು ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕಾಕಾ ಎದ್ದು ನಿಂತರು. ಮರಾಠಿ ಬಿಟ್ಟು, ಆರೂ ದರ್ಜಿಗಳಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಿದರು:

"ಹನ್ನೆರಡನೇದ ನಾ ಕೆಡಸೇನ್ರಿ. ನಮ್ಮ ಹುಡುಗಿ ಹಿಡದಾಳ. ತಪ್ಪ ನಂದು."

ಮೂವತ್ತು ವರ್ಷದಲ್ಲಿ ಆ ಅಂಗಡಿಯಲ್ಲಿ ಯಾರೂ ಆ ಬಾಯಿಂದ ಅಂಥ ಮಾತು ಕೇಳಿರಲಿಲ್ಲ. ಸಾಹೇಬರಿಗೆ ಅದನ್ನು ನಾನೇ ಮರಾಠಿಯಲ್ಲಿ ಹೇಳಬೇಕಾಯಿತು. ಅವರು ಹನ್ನೊಂದನ್ನೂ ಒಂದೊಂದಾಗಿ ತಡವಿ ನೋಡಿ, ಗಂಟು ಕಟ್ಟಿಸಿ, ತಪ್ಪು ಇಲ್ಲೇ ಹಿಡಿಯುವವರಿದ್ದರೆ ಕೆಲಸವೂ ಇಲ್ಲೇ ಇರಲಿ, ಮುಂದಿನ ಗಂಟಿನ ಜೊತೆ ಒಂದು ಗವಸಿನ ಬಟ್ಟೆ ಹೆಚ್ಚಿಗೆ ಕಳಿಸುತ್ತೇನೆ ಎಂದು ಹೇಳಿ ಹೋದರು. ಅಂಕಲಗಿಯ ದರ್ಜಿ ಕೂತಲ್ಲೇ ಒಂದು ಸಿಳ್ಳೆ ಹೊಡೆದ.

ರಾತ್ರಿ ಕಾಕಾ ಊಟಕ್ಕೆ ಕೂತರು. ಎರಡು ರೊಟ್ಟಿ ಮುಗಿಸಿದರು. ಮೂರನೆಯದನ್ನು ಹಾಕಲು ಹೋದಾಗ ತಲೆ ಎತ್ತದೆ ಹೇಳಿದರು:

"ನಾಳಿಂದ ನನ್ನ ಬಾಜೂ ಕೂಡು, ಮಗಳ. ಬಟ್ಟಿ ಮಡಚೂ ಮುಂದ ನನ್ನ ಕೈ ಹಿಡಿ. ನಾ ಬ್ಯಾಡಂದ್ರೂ ಅದು ಬಿಡತೈತಿ, ಆ ನಾಕ ಬೆರಳ."

"ಹಿಡಿತೇನ್ರಿ," ಎಂದೆ.